ಏರ್ ಫಿಲ್ಟರ್ ಡಬ್ಬಿಯ ಮೇಲೆ ಸೋಸುವ ಗುಣವನ್ನೂ ಮುದ್ರಿಸಲಿ

ಮಾನ್ಯ ಸಂಪಾದಕರೇ,

ಕಾರಿನ ಇಂಜಿನ್‌ಗೆ ಹೋಗುವ ಗಾಳಿಯನ್ನು ಸೋಸುವ ಏರ್ ಫಿಲ್ಟರ್ ಬದಲಿಸುವಾಗ ಕಂಪನಿಯ ಒರಿಜಿನಲ್ ಬೇಕೇ, ಹೊರಗಿನ ಅಂಗಡಿಯಲ್ಲಿ ಸಿಗುವುದು ಸಾಕೇ ಎಂಬುದು ತೀರ ಸಣ್ಣ ಪ್ರಶ್ನೆ ಎಂದೇ ನಾನು ಬಹುಕಾಲ ಭಾವಿಸಿದ್ದೆ. ಹೊಸಪೇಟೆಯಲ್ಲಿ ನೆಲೆಸಿ, ಕೆಲಸದ ನಿಮಿತ್ತ ವಾರಕ್ಕೆ ಎರಡು ಮೂರು ಬಾರಿ ಸಂಡೂರು, ಬಳ್ಳಾರಿಗಳ ಕಡೆ ಓಡಾಡುವ ನನಗೆ ಅದು ಸಣ್ಣದಲ್ಲವೆಂದು ಕಳೆದ ಬೇಸಿಗೆಯಲ್ಲಿ ಮನವರಿಕೆಯಾಯಿತು. ಅದಕ್ಕೂ ಆರು ತಿಂಗಳ ಹಿಂದೆ ಒಂದು ಅಂಗಡಿಯಲ್ಲಿ 180 ರೂಪಾಯಿ ಕೊಟ್ಟು ಫಿಲ್ಟರ್ ತಂದು ಹಾಕಿಸಿದ್ದೆ. ಶೋರೂಮ್‌ನಲ್ಲಿ ಅದೇ ಕಾರಿನ ಫಿಲ್ಟರ್‌ಗೆ 420 ರೂಪಾಯಿ ಹೇಳಿದ್ದರು. ಮುಂದಿನ ಸರ್ವಿಸ್‌ನಲ್ಲಿ ಮೆಕ್ಯಾನಿಕ್ ಫಿಲ್ಟರ್ ಪೆಟ್ಟಿಗೆಯ ಮುಚ್ಚಳ ತೆಗೆದು, ಸೋಸಿದ ಗಾಳಿ ಮಾತ್ರ ಹಾದುಹೋಗಬೇಕಾದ ಭಾಗವನ್ನು ಬೆರಳಿನಿಂದ ಒರೆಸಿ ತೋರಿಸಿದರು. ಬೆರಳ ತುದಿ ಕೆಂಪಾಗಿತ್ತು. ಫಿಲ್ಟರ್‌ನ ಸುತ್ತ ಇರುವ ರಬ್ಬರ್ ಅಂಚು ಒಂದು ಮೂಲೆಯಲ್ಲಿ ಕೂದಲೆಳೆಯಷ್ಟು ಕಡಿಮೆ ಇದ್ದುದರಿಂದ ಮುಚ್ಚಳ ಅಲ್ಲಿ ಬಿಗಿಯಾಗಿ ಕೂತಿರಲಿಲ್ಲ. ಗಾಳಿ ಸೋಸುವ ಕಾಗದ ಎಷ್ಟೇ ಒಳ್ಳೆಯದಿದ್ದರೂ ಆ ಸಂದಿನಿಂದ ಧೂಳು ನೇರವಾಗಿ ಇಂಜಿನ್‌ಗೆ ಹೋಗುತ್ತಿತ್ತು.

ಇದರ ಗಂಭೀರತೆ ಅರ್ಥವಾಗಲು ಇಂಜಿನ್ ಎಷ್ಟು ಗಾಳಿ ಕುಡಿಯುತ್ತದೆ ಎಂಬುದನ್ನು ತಿಳಿಯಬೇಕು. ಪೆಟ್ರೋಲ್ ಪೂರ್ಣವಾಗಿ ಉರಿಯಲು ತನ್ನ ತೂಕದ ಸುಮಾರು 14.7 ಪಟ್ಟು ತೂಕದ ಗಾಳಿ ಬೇಕು. ಲೆಕ್ಕ ಹಾಕಿದರೆ ಒಂದು ಲೀಟರ್ ಪೆಟ್ರೋಲ್‌ಗೆ ಹತ್ತಿರ ಹತ್ತಿರ 9,000 ಲೀಟರ್ ಗಾಳಿಯಾಯಿತು. ಹೊಸಪೇಟೆಯಿಂದ ಬಳ್ಳಾರಿಗೆ ಸುಮಾರು 60 ಕಿಲೋಮೀಟರ್. ನನ್ನ ಕಾರು ಆ ಹಾದಿಗೆ ನಾಲ್ಕು ಲೀಟರ್ ಪೆಟ್ರೋಲ್ ಸುಟ್ಟರೆ, ಒಮ್ಮೆ ಹೋಗುವಷ್ಟರಲ್ಲಿಯೇ 36,000 ಲೀಟರ್ ಗಾಳಿ ಆ ಕಾಗದದ ಮಡಿಕೆಗಳ ಮೂಲಕ ಹಾಯುತ್ತದೆ. ಅದಿರಿನ ಲಾರಿಗಳ ಹಿಂದೆ ಸಾಗುವಾಗ ಆ ಗಾಳಿಯಲ್ಲಿ ಏನಿರುತ್ತದೆಂದು ನಮ್ಮ ಭಾಗದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ರಸ್ತೆಯ ಮಣ್ಣಿನಲ್ಲಿರುವ ಸಿಲಿಕಾ ಕಣಗಳು ಸಿಲಿಂಡರ್‌ನ ಎರಕದ ಕಬ್ಬಿಣಕ್ಕಿಂತ ಗಟ್ಟಿ. ಸಂಡೂರಿನ ಹೆಮಟೈಟ್ ಎಂಬ ಕಬ್ಬಿಣದ ಅದಿರಿನ ಪುಡಿಯೂ ಮೃದುವಲ್ಲ. ಇಂಜಿನ್ ಒಳಗೆ ಆಯಿಲ್‌ನ ಪದರ ಕೆಲವೇ ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ದಪ್ಪವಿರುವುದರಿಂದ ಅತಿ ಹೆಚ್ಚು ಸವೆತ ಉಂಟುಮಾಡುವುದು ಕಣ್ಣಿಗೆ ಕಾಣುವ ಮರಳಲ್ಲ, 5ರಿಂದ 20 ಮೈಕ್ರಾನ್ ಗಾತ್ರದ, ಕಣ್ಣಿಗೆ ಬೀಳದ ಧೂಳು. ಅದು ಪಿಸ್ಟನ್ ರಿಂಗ್ ಮತ್ತು ಬೋರ್ (ಸಿಲಿಂಡರಿನ ಒಳಗೋಡೆ) ನಡುವೆ ಸೇರಿ ಉಜ್ಜುಕಾಗದದಂತೆ ಕೆಲಸ ಮಾಡುತ್ತದೆ. ಫಲ ತಕ್ಷಣ ಕಾಣುವುದಿಲ್ಲ. ಒಂದೆರಡು ವರ್ಷದ ಮೇಲೆ ಇಂಜಿನ್ ಆಯಿಲ್ ಕುಡಿಯಲು ಶುರುಮಾಡುತ್ತದೆ, ಸೈಲೆನ್ಸರ್‌ನಿಂದ ನೀಲಿ ಹೊಗೆ ಬರುತ್ತದೆ. ಆಗ ಇಂಜಿನ್ ಬಿಚ್ಚಿಸುವ ಖರ್ಚು ಸಾವಿರಗಳಲ್ಲಿ ಎಣಿಸಬೇಕಾಗುತ್ತದೆ. ಇಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇರುವ ಗಾಡಿಗಳಲ್ಲಿ ನಿಮಿಷಕ್ಕೆ ಲಕ್ಷಕ್ಕೂ ಮೀರಿ ತಿರುಗುವ ಕಂಪ್ರೆಸರ್ ಚಕ್ರದ ಅಲಗುಗಳು ಮೊದಲು ಈ ಧೂಳಿನ ಏಟು ತಿನ್ನುತ್ತವೆ.

ಹಾಗೆಂದು ಶೋರೂಮ್‌ನ ಫಿಲ್ಟರ್ ಒಂದೇ ಸುರಕ್ಷಿತ, ಉಳಿದುದೆಲ್ಲ ಡುಪ್ಲಿಕೇಟ್ ಎನ್ನುವ ತೀರ್ಮಾನಕ್ಕೆ ನಾನು ಬರಲಾರೆ. ಈ ಚರ್ಚೆಯಲ್ಲಿ ಮೂರು ಬೇರೆ ಬೇರೆ ವಸ್ತುಗಳನ್ನು ಒಂದೇ ಹೆಸರಿನಿಂದ ಕರೆಯುತ್ತಿರುವುದೇ ದೊಡ್ಡ ಗೊಂದಲ. ಕಾರು ತಯಾರಕರಲ್ಲಿ ಹೆಚ್ಚಿನವರು ಫಿಲ್ಟರ್‌ಗಳನ್ನು ತಾವೇ ಮಾಡುವುದಿಲ್ಲ. ಅದಕ್ಕೆಂದೇ ಇರುವ ಕಾರ್ಖಾನೆಗಳಿಂದ ತರಿಸಿ ತಮ್ಮ ಹೆಸರಿನ ಡಬ್ಬಿಯಲ್ಲಿ ಮಾರುತ್ತಾರೆ. ಜರ್ಮನಿ ಮೂಲದ ಮಾನ್ ಹುಮ್ಮೆಲ್, ಮಾಲೆ ಮೊದಲಾದ ಸಂಸ್ಥೆಗಳು ಕಾರು ಕಂಪನಿಗಳಿಗೂ ಸರಬರಾಜು ಮಾಡುತ್ತವೆ, ತಮ್ಮದೇ ಹೆಸರಿನಲ್ಲಿ ಪೇಟೆಯಲ್ಲೂ ಮಾರುತ್ತವೆ. ಮಾನ್ ಹುಮ್ಮೆಲ್‌ನ ಕಾರ್ಖಾನೆ ನಮ್ಮ ತುಮಕೂರಿನಲ್ಲಿಯೇ ಇದೆ. ಮೊದಲನೆಯ ಬಗೆಯದಾದ ಇಂತಹ ತಯಾರಕರ ಫಿಲ್ಟರ್ ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಯಲ್ಲಿ ಸಿಕ್ಕಿತೆಂಬ ಕಾರಣಕ್ಕೆ ಕಳಪೆಯಾಗುವುದಿಲ್ಲ. ಎರಡನೆಯದು, ಹೆಸರು ವಿಳಾಸ ಹಾಕಿಕೊಂಡು ಪ್ರಾಮಾಣಿಕವಾಗಿ ಮಾರುವ, ಗುಣಮಟ್ಟದಲ್ಲಿ ಏರುಪೇರಿರುವ ಸಣ್ಣ ತಯಾರಕರ ಮಾಲು. ಮೂರನೆಯದು, ಹೆಸರಾಂತ ಡಬ್ಬಿಯನ್ನೇ ನಕಲು ಮಾಡಿದ ಖೋಟಾ ಮಾಲು. ಇದು ಗುಣಮಟ್ಟದ ಪ್ರಶ್ನೆಯೇ ಅಲ್ಲ, ಅಪರಾಧ. ನಾನು ಕೊಂಡದ್ದು ಎರಡನೆಯ ಬಗೆಯದು. ಅದರ ತಯಾರಕನನ್ನು ದೂರುವುದಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡಿದ ಸಂಗತಿಯೆಂದರೆ, ಅಂಗಡಿಯ ಮೇಜಿನ ಮೇಲೆ ಮೂರು ಡಬ್ಬಿಗಳನ್ನು ಸಾಲಾಗಿ ಇಟ್ಟಾಗ ಬೆಲೆಯ ಹೊರತು ಬೇರೆ ಯಾವ ಆಧಾರದ ಮೇಲೂ ಅವುಗಳನ್ನು ಹೋಲಿಸಲು ನನಗೆ ಸಾಧ್ಯವಿರಲಿಲ್ಲ ಎಂಬುದು.

ಹೋಲಿಸುವ ವಿಧಾನವೇ ಇಲ್ಲವೆಂದಿದ್ದರೆ ಸುಮ್ಮನಿರಬಹುದಿತ್ತು. ಆದರೆ ಐಎಸ್ಒ 5011 ಎಂಬ ಅಂತರರಾಷ್ಟ್ರೀಯ ಪರೀಕ್ಷಾ ಕ್ರಮ ಇದೆ. ಕಣಗಳ ಗಾತ್ರ ಗೊತ್ತಿರುವ ಪರೀಕ್ಷಾ ಧೂಳನ್ನು ತೂಗಿ ಫಿಲ್ಟರ್‌ಗೆ ಊಡಿಸಿ, ಅದನ್ನು ದಾಟಿ ಎಷ್ಟು ಹೋಯಿತು, ಗಾಳಿಗೆ ಎಷ್ಟು ತಡೆ ಉಂಟಾಯಿತು, ಕಟ್ಟಿಕೊಳ್ಳುವ ಮುನ್ನ ಫಿಲ್ಟರ್ ಎಷ್ಟು ಧೂಳು ಹಿಡಿಯಿತು ಎಂಬುದನ್ನು ಅಳೆಯುತ್ತಾರೆ. ಇಲ್ಲಿ ಅಂಕಿಗಳನ್ನು ಎಚ್ಚರದಿಂದ ಓದಬೇಕು. ಒಂದು ಫಿಲ್ಟರ್ ಶೇ 99.5ರಷ್ಟು, ಇನ್ನೊಂದು ಶೇ 99ರಷ್ಟು ಧೂಳು ತಡೆಯುತ್ತದೆ ಎಂದರೆ ಎರಡೂ ಹೆಚ್ಚುಕಡಿಮೆ ಒಂದೇ ಎಂದು ತೋರುತ್ತದೆ. ವಾಸ್ತವದಲ್ಲಿ ಎರಡನೆಯದು ಇಂಜಿನ್ ಒಳಗೆ ಬಿಡುವ ಧೂಳು ಮೊದಲನೆಯದರ ಇಮ್ಮಡಿ. ಶೇ 97 ಎಂದಾದರೆ ಆರು ಪಟ್ಟು. ದೊಡ್ಡ ತಯಾರಕರ ಪ್ರಯೋಗಾಲಯಗಳಲ್ಲಿ ನಡೆಯುವ ಈ ಪರೀಕ್ಷೆಯ ಫಲಿತಾಂಶ ನಾನು ನೋಡಿದ ಒಂದು ಡಬ್ಬಿಯ ಮೇಲೂ ಇರಲಿಲ್ಲ. ಶೋರೂಮ್‌ನ 420 ರೂಪಾಯಿಯ ಡಬ್ಬಿಯ ಮೇಲೂ ಇರಲಿಲ್ಲ. ಇಂಜಿನ್ ಆಯಿಲ್ ಡಬ್ಬಿಯ ಮೇಲೆ ಅದರ ಮಂದತೆ ತಿಳಿಸುವ ಎಸ್ಎಇ, ಗುಣಮಟ್ಟ ತಿಳಿಸುವ ಎಪಿಐ ದರ್ಜೆಗಳು ಸ್ಪಷ್ಟವಾಗಿ ಅಚ್ಚಾಗಿರುತ್ತವೆ, ಆದ್ದರಿಂದಲೇ ಗ್ರಾಹಕ ಯಾವ ಕಂಪನಿಯ ಆಯಿಲ್ ಆದರೂ ಧೈರ್ಯದಿಂದ ಕೊಳ್ಳುತ್ತಾನೆ. ಆ ಆಯಿಲ್ ಅನ್ನು ಧೂಳಿನಿಂದ ಕಾಪಾಡುವ ಫಿಲ್ಟರ್‌ಗೆ ಮಾತ್ರ ಅಂತಹ ಗುರುತಿಲ್ಲ.

ಈ ಮೌನದ ಜಾಗವನ್ನು ತುಂಬುತ್ತಿರುವುದು ಹೆದರಿಕೆ. ‘ಹೊರಗಿನ ಫಿಲ್ಟರ್ ಹಾಕಿದರೆ ವಾರಂಟಿ ಹೋಗುತ್ತದೆ’ ಎಂಬ ಮಾತನ್ನು ಸರ್ವಿಸ್ ಸೆಂಟರ್‌ಗಳಲ್ಲಿ ಕೇಳದವರಿಲ್ಲ. 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಬಿಡಿಭಾಗಗಳನ್ನು ಮುಕ್ತ ಮಾರುಕಟ್ಟೆಗೆ ಬಿಡದ 14 ಕಾರು ಕಂಪನಿಗಳ ಮೇಲೆ ಒಟ್ಟು ಸುಮಾರು 2,544 ಕೋಟಿ ರೂಪಾಯಿ ದಂಡ ವಿಧಿಸಿದಾಗ, ಸ್ವತಂತ್ರ ಗ್ಯಾರೇಜಿಗೆ ಹೋದ ಮಾತ್ರಕ್ಕೆ ವಾರಂಟಿ ಇಡಿಯಾಗಿ ರದ್ದಾಗುತ್ತದೆಂಬ ಷರತ್ತನ್ನು ಹೇರಬಾರದು, ಅಲ್ಲಿನ ದೋಷಪೂರ್ಣ ಕೆಲಸದಿಂದ ಹಾನಿಯಾದರೆ ಆ ಹಾನಿಯ ಮಟ್ಟಿಗೆ ಮಾತ್ರ ಜವಾಬ್ದಾರಿ ನಿರಾಕರಿಸಬಹುದು ಎಂದು ಹೇಳಿತ್ತು. ದಂಡದ ವಿಷಯ ಮೇಲ್ಮನವಿಗಳ ಹಾದಿ ಹಿಡಿಯಿತು. ಆದರೂ ಆ ಮಾತಿನ ಹಿಂದಿನ ನ್ಯಾಯ ಸರಳವಾಗಿದೆ, ಅದು ಇಂದಿಗೂ ಸರ್ವಿಸ್ ಸೆಂಟರ್‌ಗಳ ಬಾಗಿಲಿಗೆ ತಲುಪಿಲ್ಲವೆಂಬುದು ನನ್ನ ನೋವು.

ಇನ್ನೊಂದು ಹೆದರಿಕೆ ಮೈಲೇಜಿನದು. ಫಿಲ್ಟರ್ ಸ್ವಲ್ಪ ಕಪ್ಪಾದರೂ ಮೈಲೇಜ್ ಬಿದ್ದುಹೋಗುತ್ತದೆಂದು ಹೇಳಿ ಪ್ರತಿ ಸರ್ವಿಸ್‌ನಲ್ಲೂ ಹೊಸದನ್ನು ಬಿಲ್ಲಿಗೆ ಸೇರಿಸುವ ರೂಢಿ ಇದೆ. ಪೆಟ್ರೋಲ್ ಮತ್ತು ಗಾಳಿಯನ್ನು ಬೆರೆಸುವ ಹಳೆಯ ಸಾಧನವಾದ ಕಾರ್ಬುರೇಟರ್ ಕಾಲಕ್ಕೆ ಅದರಲ್ಲಿ ಸತ್ಯಾಂಶವಿತ್ತು. ಈಗಿನ ಇಂಜೆಕ್ಷನ್ ಪೆಟ್ರೋಲ್ ಇಂಜಿನ್‌ಗಳಲ್ಲಿ ಒಳಬಂದ ಗಾಳಿಗೆ ತಕ್ಕಷ್ಟೇ ಇಂಧನವನ್ನು ಕಂಪ್ಯೂಟರ್ ಅಳೆದು ಕೊಡುತ್ತದೆ. ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯ 2009ರಲ್ಲಿ ನಡೆಸಿದ ಪರೀಕ್ಷೆಯಲ್ಲಿ, ಕಟ್ಟಿಕೊಂಡ ಫಿಲ್ಟರ್‌ನಿಂದ ಇಂತಹ ಕಾರುಗಳ ಇಂಧನ ಬಳಕೆಯಲ್ಲಿ ಹೇಳಿಕೊಳ್ಳುವಂತಹ ವ್ಯತ್ಯಾಸ ಕಾಣಲಿಲ್ಲ. ವೇಗ ಹಿಡಿಯುವ ಶಕ್ತಿ ಮಾತ್ರ ಕುಗ್ಗಿತು. ಇಷ್ಟೇ ಅಲ್ಲ, ಹೊಚ್ಚಹೊಸ ಕಾಗದಕ್ಕಿಂತ ಮೇಲ್ಮೈಯಲ್ಲಿ ತೆಳುವಾಗಿ ಧೂಳು ಕಟ್ಟಿದ ಕಾಗದವೇ ನುಣ್ಣನೆಯ ಕಣಗಳನ್ನು ಚೆನ್ನಾಗಿ ತಡೆಯುತ್ತದೆ. ಆದ್ದರಿಂದ ತಿಂಗಳಿಗೊಮ್ಮೆ ಬಿಚ್ಚಿ, ಪಂಕ್ಚರ್ ಅಂಗಡಿಯ ಕಂಪ್ರೆಸರ್‌ನಿಂದ ಜೋರಾಗಿ ಗಾಳಿ ಹೊಡೆಸುವ ನಮ್ಮ ಅಭ್ಯಾಸವೂ ತಪ್ಪೇ. ಆ ಒತ್ತಡಕ್ಕೆ ಕಾಗದದ ನಾರು ಬಿಟ್ಟುಕೊಂಡು ಕಣ್ಣಿಗೆ ಕಾಣದ ತೂತುಗಳಾಗುತ್ತವೆ. ಕಾರಿನ ಕೈಪಿಡಿಯಲ್ಲಿ ಧೂಳಿನ ರಸ್ತೆಗೆಂದು ಬೇರೆ ಅವಧಿ ಕೊಟ್ಟಿರುತ್ತಾರೆ. ಸಂಡೂರಿನ ಗಣಿ ರಸ್ತೆಯಲ್ಲಿ ಓಡುವವರೂ ವಿಜಯಪುರ, ಕಲಬುರಗಿಯ ಹಳ್ಳಿ ದಾರಿಗಳಲ್ಲಿ ಓಡುವವರೂ ಪಾಲಿಸಬೇಕಾದದ್ದು ಅದನ್ನು. ಬೆಂಗಳೂರಿನ ಡಾಂಬರು ರಸ್ತೆಗೆ ಹೊಂದುವ ಅವಧಿಯನ್ನಲ್ಲ.

ಆದುದರಿಂದ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ಮತ್ತು ಭಾರತೀಯ ಮಾನಕ ಬ್ಯೂರೊ ಸೇರಿ, ಏರ್ ಫಿಲ್ಟರ್ ಡಬ್ಬಿಯ ಮೇಲೆ ಧೂಳು ತಡೆಯುವ ಪ್ರಮಾಣ ಮತ್ತು ಧೂಳು ಹಿಡಿಯುವ ಸಾಮರ್ಥ್ಯಗಳನ್ನು ಮುದ್ರಿಸುವುದನ್ನು ಕಡ್ಡಾಯ ಮಾಡಬೇಕೆಂದು ನಾನು ಒತ್ತಾಯಿಸುತ್ತೇನೆ. ತಯಾರಕರ ಹೆಸರು, ವಿಳಾಸ, ತಿಂಗಳು, ಬೆಲೆ ಇವುಗಳನ್ನು ಪೊಟ್ಟಣದ ಮೇಲೆ ಹಾಕಬೇಕೆಂಬ ನಿಯಮ ಈಗಾಗಲೇ ಇರುವಾಗ ಇನ್ನೆರಡು ಸಾಲು ಸೇರಿಸುವುದು ಕಷ್ಟವಲ್ಲ. ದ್ವಿಚಕ್ರ ವಾಹನದ ಹೆಲ್ಮೆಟ್‌ಗೆ 2021ರ ಜೂನ್‌ನಿಂದ ಐಎಸ್ಐ ಗುರುತು ಕಡ್ಡಾಯವಾಯಿತು. ಫಿಲ್ಟರ್ ಪ್ರಾಣ ಉಳಿಸುವ ವಸ್ತುವಲ್ಲ, ಒಪ್ಪುತ್ತೇನೆ. ಆದರೆ ಬ್ಯಾಂಕ್ ಸಾಲ ಮಾಡಿ ಟ್ಯಾಕ್ಸಿ ಕೊಂಡ ಚಾಲಕನಿಗೆ ಇಂಜಿನ್ ಸವೆದರೆ ಆ ತಿಂಗಳ ಕಂತು ನಿಲ್ಲುತ್ತದೆ.

ಅಲ್ಲಿಯವರೆಗೆ, ಫಿಲ್ಟರ್ ಕೊಳ್ಳುವ ಓದುಗರು ಹಳೆಯದನ್ನು ಜೊತೆಗೆ ಒಯ್ದು ಉದ್ದ, ಅಗಲ, ಅಂಚಿನ ದಪ್ಪ ಮತ್ತು ಮಡಿಕೆಗಳ ಸಂಖ್ಯೆಯನ್ನು ಹೊಸದರೊಂದಿಗೆ ಹೋಲಿಸಲಿ. ಬಿಲ್ ತಪ್ಪದೆ ಕೇಳಲಿ. ಮೋಸವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಲಿ. ಸರ್ವಿಸ್ ಸೆಂಟರ್‌ನವರು ತೆಗೆದ ಫಿಲ್ಟರನ್ನು ಮಾಲೀಕರಿಗೆ ಕೇಳದೆಯೇ ಮರಳಿಸುವ ಪದ್ಧತಿ ಆರಂಭಿಸಲಿ. ಅದನ್ನು ಬಿಸಿಲಿಗೆ ಹಿಡಿದು ನೋಡಿದರೆ, ನಿಜವಾಗಿ ಬದಲಿಸುವ ಕಾಲ ಬಂದಿತ್ತೇ ಇಲ್ಲವೇ ಎಂಬುದು ಬಹುಮಟ್ಟಿಗೆ ಮಾಲೀಕರಿಗೇ ತಿಳಿಯುತ್ತದೆ.

ಇಂತಿ,
ಓರ್ವ ಕಾರು ಮಾಲೀಕ, ಹೊಸಪೇಟೆ