ಅಂಚೆಯಕ್ಕನಿಗೆ, ಮತ್ತು ನಿಮ್ಮೆಲ್ಲರಿಗೂ

ಎಲ್ಲರಿಗೂ ನಮಸ್ಕಾರ.

ಇಲ್ಲಿ ಅಮೆರಿಕದ ಶಾಲೆಯಲ್ಲಿ ಮಾಡುತ್ತಿದ್ದ ನನ್ನ ಅಮೆರಿಕಾರ್ಪ್ಸ್ ಸೇವೆ ಮುಗಿಯಿತು. ಅದರಿಂದ ಬಂದ ಶಿಕ್ಷಣದ ಹಣವನ್ನು ಮೊಮ್ಮಗಳ ಹೆಸರಿಗೆ ವರ್ಗ ಮಾಡಿದ್ದೂ ಆಯಿತು. ಕಳೆದ ವಾರ ಅವಳು ತನ್ನ ಖಾತೆ ತೆರೆದು "ಅಜ್ಜಿ, ಒಪ್ಪಿಕೊಂಡೆ" ಅಂತ ಹೇಳಿದಳು. ಫೋನ್ ಮಾಡಿದವರು, ವಾಟ್ಸಾಪ್‌ನಲ್ಲಿ ವಿಚಾರಿಸಿದವರು ತುಂಬಾ ಜನ. ಒಬ್ಬೊಬ್ಬರಿಗೂ ಬರೆಯಲು ಆಗಲಿಲ್ಲ, ಅದಕ್ಕೇ ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ತಿಪಟೂರಿನ ನನ್ನ ಹಳೆಯ ಟೀಚರ್ ಗೆಳತಿಯರು "ರಿಟೈರ್ ಆದವಳು ಅಲ್ಲಿ ಹೋಗಿ ಮತ್ತೆ ಶಾಲೆಗೆ ಯಾಕೆ ಸೇರಿದೆ?" ಅಂತ ಕೇಳಿದ್ದರು. ಅವರಿಗಾಗಿ ಸ್ವಲ್ಪ ಹೇಳುತ್ತೇನೆ. ಅಮೆರಿಕದಲ್ಲಿ 1993ರಲ್ಲಿ ಒಂದು ಕಾನೂನು ಬಂತು. ಮರುವರ್ಷದಿಂದ ಅಮೆರಿಕಾರ್ಪ್ಸ್ ಶುರುವಾಯಿತು. ಶಾಲೆ, ಕಾಡು, ಪ್ರವಾಹ ಬಂದ ಊರು, ಹೀಗೆ ಎಲ್ಲಿ ಕೆಲಸ ಇದೆಯೋ ಅಲ್ಲಿ ಒಂದು ಅವಧಿಗೆ ಸೇವೆ ಮಾಡಬೇಕು. ಬದುಕಲು ಸಣ್ಣ ಭತ್ಯೆ ಕೊಡುತ್ತಾರೆ. ಗಂಟೆಗಳು ಪೂರ್ತಿಯಾದ ಮೇಲೆ ಓದಿಗೆ ಅಂತ ಒಂದು ಮೊತ್ತ. ಅದು ಕೈಗೆ ಬರುವುದಿಲ್ಲ. ನೇರವಾಗಿ ಕಾಲೇಜಿಗೋ, ಓದಿಗೆ ಮಾಡಿದ ಸಾಲಕ್ಕೋ ಹೋಗುತ್ತದೆ. 1700 ಗಂಟೆ ಮಾಡಿದವರಿಗೆ ನಾನು ಸೇರಿದ ವರ್ಷದ ಲೆಕ್ಕದಲ್ಲಿ 7,395 ಡಾಲರ್. ನಾನು ಸೇರಿದ್ದು ಅರ್ಧ ಅವಧಿಗೆ, ಅಂದರೆ 900 ಗಂಟೆಗೆ. ಹಾಗಾಗಿ ಅದರಲ್ಲಿ ಅರ್ಧ.

ಇದೆಲ್ಲ ಹುಡುಗರಿಗೆ ಇರುವುದು ಅಂತಲೇ ನಾನು ತಿಳಿದಿದ್ದೆ. ಆದರೆ 2009ರಲ್ಲಿ ಬಂದ ಕಾನೂನು ಒಂದು ಬಾಗಿಲು ತೆರೆದಿಟ್ಟಿದೆ. 55 ವರ್ಷ ದಾಟಿದವರು ಸೇವೆಗೆ ಸೇರಿದರೆ, ತಮಗೆ ಬಂದ ಶಿಕ್ಷಣದ ಹಣವನ್ನು ಮಕ್ಕಳಿಗೋ ಮೊಮ್ಮಕ್ಕಳಿಗೋ ಕೊಡಬಹುದು. ಗ್ರೀನ್ ಕಾರ್ಡ್ ಇದ್ದವರೂ ಸೇರಬಹುದು. ಅದನ್ನು ಓದಿದ ರಾತ್ರಿ ನನಗೆ ನಿದ್ದೆಯೇ ಬರಲಿಲ್ಲ. ನನ್ನ ಪಿಂಚಣಿಯನ್ನು ಇಲ್ಲಿಗೆ ತಂದು ಡಾಲರ್ ಮಾಡಿದರೆ ಮೊಮ್ಮಗಳ ಪುಸ್ತಕಕ್ಕೂ ಸಾಲದು. ಮಗ ಫೀಸು ಕಟ್ಟುತ್ತಾನೆ, ನಿಜ. ಆದರೂ ಅವಳ ಓದಿನಲ್ಲಿ ನನ್ನ ದುಡಿಮೆಯದೂ ಒಂದು ಪಾಲು ಇರಬೇಕು ಅಂತ ಆಸೆ ಇತ್ತು.

ಅಮೆರಿಕಾರ್ಪ್ಸ್‌ನಲ್ಲಿ ನನಗೆ ಸಿಕ್ಕಿದ್ದು ಮಿನೆಸೋಟಾ ರಾಜ್ಯದ ರೀಡಿಂಗ್ ಕಾರ್ಪ್ಸ್ ಅನ್ನುವ ಕಾರ್ಯಕ್ರಮ. ಓದುವುದರಲ್ಲಿ ಹಿಂದೆ ಬಿದ್ದ ಸಣ್ಣ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು, ದಿನಕ್ಕೆ 20 ನಿಮಿಷ ಓದಿಸುವ ಕೆಲಸ. ಒಂದೇ ಕೋಣೆಯಲ್ಲಿ ಮೂರು ತರಗತಿಯ ಮಕ್ಕಳನ್ನು ಸೇರಿಸಿ ನಲಿ-ಕಲಿ ಮಾಡಿದವಳು ನಾನು. ಒಂದೇ ಒಂದು ಮಗುವಿನ ಎದುರು ಕೂರುವುದು ಎಂಥ ಭಾಗ್ಯ ಅಂತ ಮೊದಲ ವಾರವೇ ಗೊತ್ತಾಯಿತು. ಮಗು ಒಂದು ಪದ, ನಾನೊಂದು ಪದ, ಹೀಗೆ ಸರದಿಯಲ್ಲಿ ಓದುತ್ತೇವೆ. ವಾರಕ್ಕೊಮ್ಮೆ ಗಡಿಯಾರ ಇಟ್ಟು, ಒಂದು ನಿಮಿಷದಲ್ಲಿ ಎಷ್ಟು ಪದ ಸರಿಯಾಗಿ ಓದಿತು ಅಂತ ಎಣಿಸಿ ಗ್ರಾಫಿನಲ್ಲಿ ಚುಕ್ಕಿ ಇಡಬೇಕು. ಮನೆಯಲ್ಲಿ ಸೊಮಾಲಿ ಮಾತಾಡುವ ಒಬ್ಬ ಹುಡುಗ ಇದ್ದ. ಎರಡನೇ ತರಗತಿ. ಪುಸ್ತಕ ತೆಗೆದರೆ ಸಾಕು, ಮೇಜಿನ ಕೆಳಗೆ ನೋಡುತ್ತಿದ್ದ. ವರ್ಷದ ಕೊನೆಗೆ ಅವನೇ ಗ್ರಾಫಿನ ಹಾಳೆ ಎಳೆದುಕೊಂಡು ಚುಕ್ಕಿ ಇಡುತ್ತಿದ್ದ. ಪೆನ್ಸಿಲ್ ನನಗೆ ಕೊಡುತ್ತಲೇ ಇರಲಿಲ್ಲ!

ಈಗ ಅಂಚೆಯಕ್ಕನ ವಿಷಯ.

ಅದೇ ಶಾಲೆಯಲ್ಲಿ ನನ್ನ ಜೊತೆ ಇನ್ನೊಬ್ಬರು ಟ್ಯೂಟರ್ ಇದ್ದರು. ನನಗಿಂತ ಹಿರಿಯರು. ಮಿನೆಸೋಟಾದ ಸೇಂಟ್ ಪಾಲ್ ಊರಿನಲ್ಲೇ ಹುಟ್ಟಿ ಬೆಳೆದವರು. ಮನೆ ಮನೆಗೆ ನಡೆದು ಅಂಚೆ ಹಂಚಿ ನಿವೃತ್ತರಾದವರು. ಇಲ್ಲಿಯ ಚಳಿಗಾಲದಲ್ಲಿ ಆ ಕೆಲಸ ಅಂದರೆ ಏನು ಅಂತ ಇಲ್ಲಿ ಇದ್ದವರಿಗೆ ಗೊತ್ತು. ಅವರೂ ಮೊಮ್ಮಗನ ಸಲುವಾಗಿ ಸೇರಿದ್ದರು. ಅವನಿಗೆ ವೆಲ್ಡಿಂಗ್ ಕಲಿಯುವ ಆಸೆ. ಹೆಸರು ಹಾಕಬೇಡ ಅಂತ ಅವರೇ ಹೇಳಿದ್ದಾರೆ, ಹಾಕುವುದಿಲ್ಲ. ನಮ್ಮ ಯಜಮಾನರು ಅವರಿಗೆ ಮೊದಲ ದಿನದಿಂದಲೂ ಅಂಚೆಯಕ್ಕ ಅಂತಲೇ ಕರೆಯುತ್ತಾರೆ.

ಜನವರಿಯಲ್ಲಿ ಒಂದು ರಾತ್ರಿ ಯಜಮಾನರನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು, ಅವರಿಗೆ ಏನಾಯಿತು ಅಂತ ನಿಮಗೆಲ್ಲ ಗೊತ್ತು. ಅದನ್ನು ಮತ್ತೆ ಬರೆಯುವುದಿಲ್ಲ. ಆ ರಾತ್ರಿಯದು ಮಾತ್ರ ಹೇಳಬೇಕು. ಮಗ ಆಫೀಸ್ ಕೆಲಸದ ಮೇಲೆ ಬೆಂಗಳೂರಿಗೆ ಹೋಗಿದ್ದ. ಮೊಮ್ಮಗಳು ಬೇರೆ ಊರಿನಲ್ಲಿ. ಸಣ್ಣವನಿಗೆ ಜ್ವರ, ಸೊಸೆ ಅವನನ್ನು ಬಿಟ್ಟು ಬರುವ ಹಾಗಿರಲಿಲ್ಲ. ಹೊರಗೆ ಹಿಮ ಸುರಿಯುತ್ತಿತ್ತು. ಆಂಬುಲೆನ್ಸ್ ಹತ್ತಿದಾಗ ನನ್ನ ಕಾಲಲ್ಲಿ ಇದ್ದದ್ದು ಮನೆಯೊಳಗೆ ಹಾಕುವ ಚಪ್ಪಲಿ. ಮಾರನೇ ದಿನ ಶಾಲೆಗೆ ಬರಲ್ಲ ಅಂತ ಅಂಚೆಯಕ್ಕನಿಗೆ ಒಂದು ಮೆಸೇಜ್ ಹಾಕಿದ್ದೆ, ಅಷ್ಟೇ. ಬನ್ನಿ ಅಂತ ಕರೆದಿರಲಿಲ್ಲ.

ಅವರು ಬಂದರು. ನಡುರಾತ್ರಿಯಲ್ಲಿ, ಹಿಮ ತೆಗೆಯುವ ಪ್ಲೌ ಗಾಡಿ ಇನ್ನೂ ಬಾರದ ರಸ್ತೆಯಲ್ಲಿ ತಾವೇ ಕಾರು ಓಡಿಸಿಕೊಂಡು ಬಂದರು. ಕೈಯಲ್ಲಿ ಒಂದು ಚೀಲ. ಅದರಲ್ಲಿ ಫೋನ್ ಚಾರ್ಜರ್, ಫ್ಲಾಸ್ಕಿನಲ್ಲಿ ಚಹಾ, ತಮ್ಮದೇ ಒಂದು ಜೊತೆ ಬೂಟು, ಉಣ್ಣೆಯ ಕಾಲುಚೀಲ. ಏನೂ ಮಾತಾಡದೆ ನನ್ನ ಕಾಲ ಹತ್ತಿರ ಕೂತು ಕಾಲುಚೀಲ ಹಾಕಿದರು. ನನಗಿಂತ ದೊಡ್ಡವರು ನನ್ನ ಕಾಲು ಮುಟ್ಟಬಾರದು ಅಂತ ನಾನು ಹಿಂದೆ ಎಳೆದುಕೊಂಡೆ. ಅವರು ಬಿಡಲಿಲ್ಲ.

ಡಾಕ್ಟರು ಬಂದು ಹೇಳಿದ ಮಾತು ನನ್ನ ತಲೆಗೆ ಹತ್ತಲೇ ಇಲ್ಲ. ಇಂಗ್ಲಿಷ್ ಬರುತ್ತದೆ ನನಗೆ. ಆ ಹೊತ್ತಿನಲ್ಲಿ ಕನ್ನಡದಲ್ಲಿ ಹೇಳಿದ್ದರೂ ಹತ್ತುತ್ತಿರಲಿಲ್ಲವೇನೋ. ಅಂಚೆಯಕ್ಕ ಅವರನ್ನು ನಿಲ್ಲಿಸಿ, ಇನ್ನೊಮ್ಮೆ ನಿಧಾನವಾಗಿ ಹೇಳಿ ಅಂದರು. ಒಂದು ಸಣ್ಣ ಪುಸ್ತಕದಲ್ಲಿ ಬರೆದುಕೊಂಡರು. ಔಷಧಿಯ ಹೆಸರು, ಯಾರು ಹೇಳಿದರು, ಎಷ್ಟು ಗಂಟೆಗೆ, ಎಲ್ಲವನ್ನೂ. ಬೆಳಿಗ್ಗೆ ಮಗ ಬೆಂಗಳೂರಿನಿಂದ ಫೋನ್ ಮಾಡಿದಾಗ ಆ ಪುಸ್ತಕ ನೋಡಿಯೇ ಅವನಿಗೆ ವಿವರ ಹೇಳಿದರು.

ಅದಕ್ಕೆ ಮುಂಚೆ ಒಂದು ಹೊತ್ತು ಇತ್ತು. ಬಾಗಿಲು ಮುಚ್ಚಿ ಒಳಗೆ ಏನೋ ಓಡಾಟ ಶುರುವಾಯಿತು. ನನ್ನನ್ನು ಹೊರಗೇ ನಿಲ್ಲಿಸಿದರು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಈ ದೇಶದ ಮೇಲೆ, ಈ ಹಿಮದ ಮೇಲೆ, ನಮ್ಮ ಮನೆದೇವರ ಮೇಲೆ. ಇವರಿಗೆ ಏನಾದರೂ ಆದರೆ ತಿಪಟೂರಿನ ಮನೆಯ ಬೀಗ ನಾನೊಬ್ಬಳೇ ಹೇಗೆ ತೆಗೆಯಲಿ ಅಂತ ಗೋಡೆಗೆ ಹಣೆ ಚಚ್ಚಿಕೊಂಡೆ. ಎಲ್ಲವನ್ನೂ ಕನ್ನಡದಲ್ಲೇ, ಜೋರಾಗಿ ಹೇಳುತ್ತಿದ್ದೆ. ಅಂಚೆಯಕ್ಕ ಗೋಡೆಗೂ ನನ್ನ ಹಣೆಗೂ ನಡುವೆ ತಮ್ಮ ಕೈ ಇಟ್ಟರು. ನಾನು ನಿಲ್ಲಿಸುವವರೆಗೂ ಅಲ್ಲೇ ಇಟ್ಟಿದ್ದರು. ಎಲ್ಲ ಸರಿಹೋಗುತ್ತದೆ ಅಂತ ಒಮ್ಮೆಯೂ ಹೇಳಲಿಲ್ಲ. ಅದು ಯಾರಿಗೂ ಗೊತ್ತಿರಲಿಲ್ಲ, ಅಲ್ವಾ? ಗೊತ್ತಿಲ್ಲದ್ದನ್ನು ಅವರು ಹೇಳಲಿಲ್ಲ. ಆ ರಾತ್ರಿ ನಾನು ಅವರನ್ನು ಪೂರ್ತಿ ನಂಬಿದ್ದು ಅದಕ್ಕೇ.

ಯಜಮಾನರು ಉಳಿದರು. ಈಗ ಕೋಲು ಹಿಡಿದು ಬೀದಿಯ ತುದಿಯವರೆಗೂ ಹೋಗಿ ಬರುತ್ತಾರೆ.

ಆಮೇಲೆ ಸೇವೆಯ ಪ್ರಶ್ನೆ ಬಂತು. ಬಿಡು, ನಿನ್ನ ವಯಸ್ಸಿಗೆ ಇದೆಲ್ಲ ಯಾಕೆ ಅಂತ ಹೇಳಿದವರೇ ಜಾಸ್ತಿ. ಪ್ರೀತಿಯಿಂದಲೇ ಹೇಳಿದರು, ನನಗೆ ಬೇಸರವಿಲ್ಲ. ಅಂಚೆಯಕ್ಕ ನಿಯಮದ ಕೈಪಿಡಿ ತಂದು ನಮ್ಮ ಅಡುಗೆಮನೆಯ ಮೇಜಿನ ಮೇಲೆ ಬಿಡಿಸಿಟ್ಟರು. ಬಲವಾದ ಕಾರಣ ಇದ್ದರೆ ಸೇವೆಯನ್ನು ಸ್ವಲ್ಪ ಕಾಲ ನಿಲ್ಲಿಸಿ ಮತ್ತೆ ಮುಂದುವರಿಸಬಹುದು. ಆ ದಿನಗಳಲ್ಲಿ ಭತ್ಯೆ ಇಲ್ಲ, ಗಂಟೆಯೂ ಲೆಕ್ಕಕ್ಕಿಲ್ಲ. ಇನ್ನೊಂದು ದಾರಿ, ಪೂರ್ತಿ ಬಿಡುವುದು. ಶೇಕಡಾ 15ರಷ್ಟು ಗಂಟೆ ಮುಗಿದಿದ್ದರೆ, ಇಂಥ ಕಾರಣಕ್ಕೆ ಬಿಟ್ಟವರಿಗೆ ಮಾಡಿದಷ್ಟಕ್ಕೆ ತಕ್ಕ ಪಾಲು ಸಿಗುತ್ತದೆ. ಎರಡನ್ನೂ ಬೆರಳಿಟ್ಟು ಓದಿ ತೋರಿಸಿದರು. ಯಾವುದು ಒಳ್ಳೆಯದು ಅಂತ ನಾನು ಕೇಳಿದೆ. "ಅದು ನೀವು ಹೇಳಬೇಕು" ಅಂದರು. ಸಹಾಯ ಮಾಡಲು ಬಂದವರು ಸಾಮಾನ್ಯವಾಗಿ ಸಲಹೆಯನ್ನೂ ಹೊತ್ತು ತರುತ್ತಾರೆ. ಇವರು ಕೈಪಿಡಿ ತಂದರು, ತೀರ್ಮಾನವನ್ನು ನನಗೇ ಬಿಟ್ಟರು. ಆಗ ಎಲ್ಲರೂ ನನ್ನನ್ನು ಪಾಪ ಅಂತ ನೋಡುತ್ತಿದ್ದರು. ಅವರೊಬ್ಬರೇ ನನ್ನನ್ನು ಟೀಚರಮ್ಮನ ಹಾಗೆ ನೋಡಿದರು.

ನಾನು ನಿಲ್ಲಿಸಿ ಮುಂದುವರಿಸುವ ದಾರಿ ಆರಿಸಿಕೊಂಡೆ. ಅಷ್ಟು ದಿನ ನಾನು ಓದಿಸುತ್ತಿದ್ದ ಮಕ್ಕಳ ಗತಿ ಏನು ಅನ್ನುವುದೇ ನನ್ನ ಚಿಂತೆ. ಅಂಚೆಯಕ್ಕ ನಮ್ಮಂಥ ಟ್ಯೂಟರ್‌ಗಳಿಗೆ ಮಾರ್ಗದರ್ಶನ ಮಾಡುವ ಶಾಲೆಯ ಕೋಚ್ ಹತ್ತಿರ ಮಾತಾಡಿ, ತಮ್ಮ ಬಿಡುವಿನ ಹೊತ್ತಿಗೆ ಆ ಮಕ್ಕಳಲ್ಲಿ ಆದಷ್ಟು ಜನರನ್ನು ಓದಿಸಲು ಕೂರಿಸಿಕೊಂಡರು. ನಾನು ಮರಳಿ ಹೋದಾಗ ಸೊಮಾಲಿ ಹುಡುಗನ ಗ್ರಾಫಿನಲ್ಲಿ ಚುಕ್ಕಿಗಳು ಒಂದೂ ತಪ್ಪಿರಲಿಲ್ಲ. ಸೇವೆಗೆ ಸೇರುವಾಗ ಒಂದು ಪ್ರತಿಜ್ಞೆ ಮಾಡಿಸುತ್ತಾರೆ. ಕಷ್ಟ ಎದುರಾದರೆ ಪಟ್ಟು ಬಿಡುವುದಿಲ್ಲ ಅನ್ನುವ ಮಾತು ಅದರಲ್ಲಿದೆ. ಎಲ್ಲರ ಜೊತೆ ನಿಂತು ನಾನೂ ಅದನ್ನು ಓದಿದ್ದೆ. ಪಟ್ಟು ಹಿಡಿಯಲು ಪಕ್ಕದಲ್ಲಿ ಒಬ್ಬರು ಬೇಕು ಅನ್ನುವುದು ಆಗ ಗೊತ್ತಿರಲಿಲ್ಲ.

ಅಂಚೆಯಕ್ಕಾ, ಇದನ್ನು ಮೊಮ್ಮಗಳು ನಿಮಗೆ ಇಂಗ್ಲಿಷಿನಲ್ಲಿ ಓದಿ ಹೇಳುತ್ತಾಳೆ. ಎದುರು ಕೂತು ಹೇಳಲು ಹೋದರೆ ನೀವು ಮಾತು ತಿರುಗಿಸುತ್ತೀರಿ. ಅದಕ್ಕೇ ಎಲ್ಲರ ಮುಂದೆ ಬರೆದಿದ್ದೇನೆ. ನನಗೆ ಒಡಹುಟ್ಟಿದ ಅಕ್ಕ ಇಲ್ಲ. ಈಗ ಇದ್ದಾರೆ.

ಮಗ, ಸೊಸೆ, ವಾರಗಟ್ಟಲೆ ಸಾರು ಅನ್ನ ತಂದುಕೊಟ್ಟ ಇಲ್ಲಿನ ಕನ್ನಡದ ಗೆಳತಿಯರು, ನನ್ನ ಗಂಟೆಯ ಲೆಕ್ಕ ಸರಿದೂಗಿಸಿಕೊಟ್ಟ ಕೋಚ್, ರಾತ್ರಿ ಪಾಳಿಯ ನರ್ಸಮ್ಮಂದಿರು, ಊರಿನಲ್ಲಿ ದೀಪ ಹಚ್ಚಿದ ತಮ್ಮ ಮತ್ತು ನಾದಿನಿ, ನಿಮ್ಮೆಲ್ಲರ ಋಣ ನನ್ನ ಮೇಲಿದೆ. ನಿಮಗೆ ಒಂದೇ ಸಾಲು ಬರೆದಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ.

ಇಲ್ಲಿ 55 ದಾಟಿದ, ಗ್ರೀನ್ ಕಾರ್ಡ್ ಇರುವ ಅಜ್ಜ ಅಜ್ಜಿಯರು ಯಾರಾದರೂ ಸೇರಬೇಕು ಅಂದುಕೊಂಡಿದ್ದರೆ ನನ್ನನ್ನು ಕೇಳಿ. ಅರ್ಜಿ ತುಂಬುವಾಗ ಪಕ್ಕದಲ್ಲಿ ಕೂರುತ್ತೇನೆ. ಹಣ ಪಡೆಯುವ ಮಗುವಿಗೂ ಪೌರತ್ವ ಅಥವಾ ಗ್ರೀನ್ ಕಾರ್ಡ್ ಇರಬೇಕು, ಅದನ್ನು ಮೊದಲೇ ನೋಡಿಕೊಳ್ಳಿ. ನಾವೇ ಬಳಸಿದರೆ ಸೇವೆ ಮುಗಿದ ದಿನದಿಂದ ಏಳು ವರ್ಷ ಇರುವ ಹಣ, ವರ್ಗ ಮಾಡಿದರೆ ಮಕ್ಕಳಿಗೆ ಅದೇ ದಿನದಿಂದ ಹತ್ತು ವರ್ಷ ಸಿಗುತ್ತದೆ. ಹಾಗಾಗಿ ಮೊಮ್ಮಕ್ಕಳು ಇನ್ನೂ ಹೈಸ್ಕೂಲಿನಲ್ಲಿದ್ದರೂ ಯೋಚನೆಯಿಲ್ಲ.

ಬರುವ ಭಾನುವಾರ ಮಧ್ಯಾಹ್ನ ನಮ್ಮ ಮನೆಯಲ್ಲಿ ಊಟ. ಒಬ್ಬಟ್ಟು ಮಾಡುತ್ತೇನೆ. ಅಂಚೆಯಕ್ಕ ಬರುತ್ತಾರೆ, ಅವರ ಮೊಮ್ಮಗನೂ ಬರುತ್ತಾನೆ. ಅವರಿಗೆ ಅಂತ ಸಾರಿಗೆ ಖಾರ ಕಡಿಮೆ ಹಾಕಿರುತ್ತೇನೆ, ನಿಮಗೆ ಬೇಕಾದರೆ ಚಟ್ನಿಪುಡಿ ಇದೆ. ಎಲ್ಲರೂ ಬನ್ನಿ.