ಓರಗಿತ್ತಿಗೆ ಸೇರಬೇಕಾದ ಮಾತು

ಈ ವಾರದ ತಪಾಸಣೆಯಲ್ಲೂ ಎಲ್ಲ ಸರಿಯಾಗಿದೆ ಎಂದರು. ಕ್ಯಾನ್ಸರ್ ಚಿಕಿತ್ಸೆ ಮುಗಿದು ವರ್ಷವಾಯಿತು. ಏನಾಗಿತ್ತು, ಎಲ್ಲಿ ಕೊಯ್ದರು, ಎಷ್ಟು ದಿನ ಕರೆಂಟ್, ಅಂದರೆ ರೇಡಿಯೇಷನ್, ಕೊಟ್ಟರು ಎಂಬುದೆಲ್ಲ ನಿಮಗೆ ಗೊತ್ತಿದೆ. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯ ವೈದ್ಯರು, ದಾದಿಯರು, ನನ್ನ ತರಗತಿಗಳನ್ನು ಹಂಚಿಕೊಂಡ ಸಹೋದ್ಯೋಗಿಗಳು, ತರೀಕೆರೆಯ ಮನೆಯನ್ನೂ ಮಕ್ಕಳ ಪರೀಕ್ಷೆಯನ್ನೂ ಒಬ್ಬರೇ ನಿಭಾಯಿಸಿದ ನಮ್ಮ ಯಜಮಾನರು, ಹರಕೆ ಹೊತ್ತ ಎಲ್ಲರಿಗೂ ಕೈಮುಗಿದು ವಂದಿಸುತ್ತೇನೆ.

ಇನ್ನುಳಿದ ಮಾತು ನನ್ನ ಓರಗಿತ್ತಿಗೆ ಸೇರಬೇಕು.

ವಿಲ್ಸನ್ ಗಾರ್ಡನ್‌ನಲ್ಲಿರುವ ಮೈದುನನ ಮನೆ ಆಸ್ಪತ್ರೆಗೆ ಹತ್ತಿರ. ಸೋಮವಾರದಿಂದ ಶುಕ್ರವಾರದವರೆಗೆ ದಿನವೂ ರೇಡಿಯೇಷನ್ ಇದ್ದುದರಿಂದ ಅಲ್ಲಿಯೇ ಉಳಿದುಕೊಂಡೆ. ಮೊದಲ ಎರಡು ವಾರ ಎಲ್ಲವನ್ನೂ ತಿಂದೆ. ಆಮೇಲೆ ನಾಲಿಗೆಯಿಂದ ರುಚಿಗಳು ಒಂದೊಂದಾಗಿ ಹೋದವು. ಪಾಯಸ ಸಪ್ಪೆಯಾಯಿತು, ನೀರಿಗೆ ಕಬ್ಬಿಣದ ವಾಸನೆ ಬಂತು, ಅನ್ನ ಬಾಯಲ್ಲಿ ಮರಳಿನಂತೆ ಉರುಳತೊಡಗಿತು. ಬಾಯಿ ಹುಣ್ಣಾದ ಮೇಲೆ ಮಜ್ಜಿಗೆಯ ಹುಳಿಯೂ ಸುಡುತ್ತಿತ್ತು. ಒಲೆಯ ಮೇಲೆ ಸಾಸಿವೆ ಸಿಡಿದರೆ ಸಾಕು, ಕೆಮ್ಮಿ ಕೆಮ್ಮಿ ಹೊಟ್ಟೆ ತೊಳಸುತ್ತಿತ್ತು. ಅವಳು ಆ ಮನೆಯಲ್ಲಿ ಒಗ್ಗರಣೆಯನ್ನೇ ನಿಲ್ಲಿಸಿದಳು. ಗಂಡ, ಮಕ್ಕಳು ಎಲ್ಲರೂ ಒಗ್ಗರಣೆಯಿಲ್ಲದ ಸಾರನ್ನೇ ಉಂಡರು. ನನಗೆ ಇದು ತಿಳಿದದ್ದು ತಿಂಗಳುಗಳ ನಂತರ, ಮಗು ಬಾಯಿ ಬಿಟ್ಟಾಗ.

ನೋಡಲು ಬಂದವರೆಲ್ಲ ‘ಮನಸ್ಸು ಮಾಡಿ ತಿನ್ನಬೇಕು’ ಎನ್ನುತ್ತಿದ್ದರು. ಪ್ರೀತಿಯಿಂದಲೇ ಹೇಳುತ್ತಿದ್ದರು. ಆದರೆ ನಾನು ‘ಆಗುವುದಿಲ್ಲ’ ಎಂದಾಗ ನಂಬಿದವಳು ಇವಳೊಬ್ಬಳೇ. ಹಾಲಿನ ಲೆಕ್ಕ ಬರೆಯುವ ಗೋಡೆ ಕ್ಯಾಲೆಂಡರಿನಲ್ಲಿ ಅವಳು ಗುರುತು ಹಾಕುತ್ತಿದ್ದಳು: ‘ಕಿತ್ತಳೆ ಬೇಡ. ರಾಗಿ ಮಾಲ್ಟ್ ಬಿಸಿಯಿದ್ದರೆ ಉರಿ, ಆರಿಸಿದರೆ ಇಳಿಯಿತು. ಬೆಣ್ಣೆಹಣ್ಣು ಹಾಲಿನಲ್ಲಿ ಅರೆದರೆ ಒಂದು ಲೋಟ.’ ಸ್ಟೀಲ್ ಚಮಚ ತೆಗೆದಿಟ್ಟು ಮರದ ಚಮಚ ತಂದಳು. ನಿನ್ನೆ ಇಳಿದದ್ದು ಇವತ್ತು ಇಳಿಯದಿದ್ದರೆ ಮುಖ ಸಣ್ಣದು ಮಾಡಿಕೊಳ್ಳದೆ ಬಟ್ಟಲು ಎತ್ತಿಕೊಂಡು ಹೋಗಿ ಬೇರೊಂದನ್ನು ತರುತ್ತಿದ್ದಳು.

ಚಿಕಿತ್ಸೆ ಮುಗಿಯಲು ಇನ್ನೊಂದು ವಾರವಿತ್ತು. ಆ ಭಾನುವಾರದ ರಾತ್ರಿ ಎಂಜಲನ್ನೂ ನುಂಗಲಾಗಲಿಲ್ಲ. ಅಂಟಂಟಾದ ಕಫ ಗಂಟಲಲ್ಲೇ ನಿಂತು ಮಲಗಲು ಬಿಡಲಿಲ್ಲ. ತೂಕ ಇಳಿದರೆ ರೇಡಿಯೇಷನ್ ವೇಳೆ ತಲೆ ಅಲುಗದಂತೆ ಹಾಕುವ ಮುಖವಾಡ ಸಡಿಲವಾಗುತ್ತದೆ, ಅಳತೆ ಮತ್ತೆ ಮಾಡಬೇಕಾಗಬಹುದು ಎಂದು ವೈದ್ಯರು ಎಚ್ಚರಿಸಿದ್ದರು. ಆ ಭಯಕ್ಕೆ ಗಂಜಿಯ ಬಟ್ಟಲು ಹಿಡಿದು ಕೂತೆ. ಎರಡು ಚಮಚವೂ ಒಳಗೆ ಹೋಗಲಿಲ್ಲ. ಇನ್ನು ಸಾಕು, ಊರಿಗೆ ಕಳಿಸಿಬಿಡಿ, ಏನಾದರೂ ಆಗಲಿ ಎಂದು ಅತ್ತುಬಿಟ್ಟೆ. ಬದುಕಬೇಕೆಂಬ ಆಸೆಯೇ ಆ ಹೊತ್ತಿಗೆ ಇರಲಿಲ್ಲ. ಇದನ್ನು ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ.

ಅವಳು ಬಟ್ಟಲು ತೆಗೆದುಕೊಂಡು ಪಕ್ಕಕ್ಕಿಟ್ಟಳು. ‘ಅಕ್ಕಾ, ಇವತ್ತು ಇಷ್ಟು ಸಾಕು. ನಾಳೆ ಟ್ಯೂಬ್ ಹಾಕಿಸೋಣ. ಅದರಲ್ಲಿ ಊಟ ಕೊಡುವುದು ಹೇಗೆಂದು ಸಿಸ್ಟರ್ ಹತ್ತಿರ ಕೇಳಿಕೊಂಡು ಬಂದಿದ್ದೇನೆ’ ಎಂದಳು. ಯಾವಾಗ ಕೇಳಿದ್ದಳೋ! ಬೆಳಗಾಗುವವರೆಗೂ ದಿಂಬು ಎತ್ತರಿಸಿ ಬೆನ್ನಿಗೆ ಕೈಯಿಟ್ಟು ಕೂತಿದ್ದಳು. ಉಪ್ಪು, ಅಡುಗೆ ಸೋಡಾ ಕದಡಿದ ಉಗುರುಬೆಚ್ಚಗಿನ ನೀರಿನಲ್ಲಿ ಮತ್ತೆ ಮತ್ತೆ ಬಾಯಿ ಮುಕ್ಕಳಿಸಿಸಿ, ಉಗುಳಿದ್ದನ್ನು ಅವಳೇ ಚೆಲ್ಲಿ ಬಂದಳು.

ಮೂಗಿನ ಟ್ಯೂಬನ್ನು ಸೋಲೆಂದುಕೊಂಡಿದ್ದೆ. ಅದು ಬಂದ ಮೇಲೆಯೇ ನಾನು ಹೊಟ್ಟೆ ತುಂಬಿ ನಿದ್ದೆ ಮಾಡಿದ್ದು. ಹೆಸರುಬೇಳೆ ಗಂಜಿಯನ್ನು ನುಣ್ಣಗೆ ಅರೆದು, ತೆಳುಬಟ್ಟೆಯಲ್ಲಿ ಸೋಸಿ, ನನ್ನನ್ನು ಎದ್ದು ಕೂರಿಸಿ ಸಿರಿಂಜಿನಲ್ಲಿ ಮೆಲ್ಲಗೆ ಬಿಡುತ್ತಿದ್ದಳು. ಕೊನೆಗೆ ಟ್ಯೂಬ್ ಕಟ್ಟಿಕೊಳ್ಳದಂತೆ ನೀರು. ಅದನ್ನು ತೆಗೆಯುವವರೆಗೂ ಒಂದು ಹೊತ್ತನ್ನೂ ಅವಳು ಬೇರೆಯವರ ಕೈಗೆ ಬಿಡಲಿಲ್ಲ.

ಚಿಕಿತ್ಸೆ ಮುಗಿದ ದಿನವೇ ನಾಲಿಗೆ ಮರಳುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ನನಗೆ ಮೊದಲು ಬಂದದ್ದು ಉಪ್ಪು. ಸಿಹಿ ತಿಂಗಳುಗಟ್ಟಲೆ ಕಾಯಿಸಿತು. ಮೆಣಸಿನಕಾಯಿ ಇಂದಿಗೂ ಆಗದು. ಜೊಲ್ಲು ಕಡಿಮೆಯಾದ್ದರಿಂದ ಒಣ ಚಪಾತಿ, ಅವಲಕ್ಕಿ ಗಂಟಲಲ್ಲಿ ಇಳಿಯುವುದಿಲ್ಲ. ಬಾಯಿ ಒಣಗಿದರೆ ಹಲ್ಲು ಬೇಗ ಹುಳುಕಾಗುತ್ತದೆ ಎಂದು ದಂತವೈದ್ಯರು ಫ್ಲೋರೈಡ್ ಪೇಸ್ಟ್ ಕೊಟ್ಟಿದ್ದಾರೆ, ಸಿಹಿಗೆ ಮಿತಿ ಹಾಕಿದ್ದಾರೆ. ಮದುವೆ ಮನೆಗಳಲ್ಲಿ ನಾನು ಎಲೆಯಲ್ಲಿ ಬಿಟ್ಟರೆ ದಯವಿಟ್ಟು ಬೇಸರಪಡಬೇಡಿ. ಮೆತ್ತನೆಯ ಅನ್ನ, ತಿಳಿಸಾರು, ತುಪ್ಪ, ಪಕ್ಕದಲ್ಲೊಂದು ಲೋಟ ನೀರು ಇದ್ದರೆ ತೃಪ್ತಿಯಿಂದ ಏಳುತ್ತೇನೆ.

ಈ ಸಂಕ್ರಾಂತಿಗೆ ಓರಗಿತ್ತಿಯ ಸಂಸಾರವನ್ನು ತರೀಕೆರೆಗೆ ಕರೆದಿದ್ದೇನೆ. ಅಡುಗೆ ನನ್ನದು. ಉಪ್ಪು ಖಾರ ನೋಡುವ ಕೆಲಸ ಅವಳದು.