ತಂಗಡಿ ಕಿತ್ತು ಸಸಿ ನೆಡಬೇಡಿ

ಮಾನ್ಯರೇ,

ನಮ್ಮ ಹಿರಿಯೂರು ಸೀಮೆಯ ಕಲ್ಲುಗುಡ್ಡಗಳಲ್ಲಿ ಯಾರೂ ನೆಡದೆ, ಯಾರೂ ನೀರು ಹಾಕದೆ ಬೆಳೆಯುವ ಗಿಡ ತಂಗಡಿ. ಕೆಲವರು ಆವರಿಕೆ ಎನ್ನುತ್ತಾರೆ. ಕಳೆದ ವರ್ಷ ಮುಂಗಾರಿಗೆ ಮುಂಚೆ ನಮ್ಮೂರ ಗುಡ್ಡಕ್ಕೆ ಜೆಸಿಬಿ ಬಂತು. ಸಸಿ ನೆಡುವ ಗುಂಡಿಗಾಗಿ ಎದೆಯೆತ್ತರದ ತಂಗಡಿ ಪೊದೆಗಳನ್ನು ಬುಡಸಮೇತ ಕಿತ್ತು ರಾಶಿ ಹಾಕಿದರು. ನೆಟ್ಟ ಸಸಿಗಳು ಬೇಸಿಗೆ ದಾಟಲಿಲ್ಲ. ಈಗ ಅಲ್ಲಿರುವುದು ಒಣಕಡ್ಡಿ ಮತ್ತು ಮಳೆಗೆ ಕೊಚ್ಚಿ ಹೋಗುತ್ತಿರುವ ಮಣ್ಣು.

ದನ, ಕುರಿ ಸಾಮಾನ್ಯವಾಗಿ ಬಾಯಿ ಹಾಕದ ಗಿಡವಿದು, ಬೇಲಿಯೂ ಬೇಡ. ಇದರ ಸೊಪ್ಪನ್ನು ಗದ್ದೆಗೆ ತುಳಿದು ಗೊಬ್ಬರ ಮಾಡುತ್ತಿದ್ದರು. ಹೊರದೇಶದ ವಾಟಲ್ ಮರದ ತೊಗಟೆ ಬರುವವರೆಗೆ ದಕ್ಷಿಣ ಭಾರತದಲ್ಲಿ ಚರ್ಮ ಹದ ಮಾಡಲು ತಂಗಡಿ ತೊಗಟೆಯನ್ನೇ ಹೆಚ್ಚಾಗಿ ನೆಚ್ಚಿಕೊಂಡಿದ್ದರು. ಹೂ ಬಿಟ್ಟಾಗ ಗಿಡದ ಹತ್ತಿರ ಸ್ವಲ್ಪ ಹೊತ್ತು ಕೂತು ನೋಡಬೇಕು. ಎಲೆಯ ಬುಡದಲ್ಲಿ ಕಿವಿಯಂಥ ಎರಡು ಹಸಿರು ಪುಟ್ಟೆಲೆಗಳು. ಹೂವಿನಲ್ಲಿ ಮಕರಂದವಿಲ್ಲ, ಪರಾಗ ಕೇಸರದ ತುದಿಯ ಸಣ್ಣ ತೂತಿನೊಳಗೆ ಅಡಗಿರುತ್ತದೆ. ಕಪ್ಪು ದುಂಬಿ ಬಂದು ಕೇಸರವನ್ನು ತಬ್ಬಿ, ಮೈ ನಡುಗಿಸಿ ಜುಯ್ಯೆಂದಾಗಲೇ ಅದು ಉದುರುವುದು. ಆ ಸದ್ದು ನಾಲ್ಕು ಮಾರು ದೂರಕ್ಕೂ ಕೇಳುತ್ತದೆ.

ದೀಪಾವಳಿಗೆ ನಮ್ಮ ಮನೆಯಲ್ಲಿ ಸಗಣಿಯ ಉಂಡೆಗಳಿಗೆ ಸಿಕ್ಕಿಸುವುದು ತಂಗಡಿ ಹೂ ಮತ್ತು ಅಣ್ಣೆ ಹೂ. ಗಡಿಯಾಚೆ ತೆಲಂಗಾಣದ ಹೆಣ್ಣುಮಕ್ಕಳು ಹಬ್ಬಕ್ಕೆ ಬತುಕಮ್ಮ ಎಂಬ ಹೂವಿನ ಗೋಪುರ ಜೋಡಿಸುವಾಗಲೂ ಬೇರೆ ಹೂಗಳ ಜೊತೆ ಇವೆರಡೂ ಮುಖ್ಯ. ತಂಗಡಿ ಅಲ್ಲಿ ರಾಜ್ಯದ ಹೂವು. ಗುಡ್ಡದ ಮಗ್ಗುಲಲ್ಲೇ ಇರುವ ನಾವು ಕಳೆದ ಹಬ್ಬಕ್ಕೆ ತಂಗಡಿಯ ಕಟ್ಟನ್ನು ಪೇಟೆಯಿಂದ ದುಡ್ಡು ಕೊಟ್ಟು ತಂದೆವು. ಮನಸ್ಸಿಗೆ ಬಹಳ ನೋವಾಯಿತು.

ಸಸಿ ನೆಡುವುದು ಬೇಡ ಎನ್ನುತ್ತಿಲ್ಲ. ಗುಂಡಿ ತೆಗೆಯುವ ಮೊದಲು ಇರುವ ಪೊದೆಗಳಿಗೆ ಸುಣ್ಣದ ಗುರುತು ಹಾಕಿ, ಬಯಲಾಗಿರುವ ಕಡೆ ಮಾತ್ರ ಅಗೆಯಲಿ. ಕಿತ್ತ ಜಾಗಕ್ಕೆ ತಂಗಡಿ ಬೀಜವನ್ನೇ ಎರಚಲಿ. ಬೀಜದ ಸಿಪ್ಪೆ ಗಟ್ಟಿ. ಬಿಸಿನೀರಿನಲ್ಲಿ ನೆನೆಸಿ ಹಾಕಿದರೆ ಚೆನ್ನಾಗಿ ಮೊಳೆಯುತ್ತದೆ. ಬೀಜ ಆರಿಸಿಕೊಡಲು ನಮ್ಮೂರ ಹೆಂಗಸರು, ಕುರಿಗಾಹಿಗಳು ಸಿದ್ಧರಿದ್ದಾರೆ.

ಗುಡ್ಡದ ಪಡುವಣ ಇಳಿಜಾರಿನಲ್ಲಿ ತಂಗಡಿ ಇನ್ನೂ ಉಳಿದಿದೆ. ಈ ಸಲದ ಗುಂಡಿ ಕೆಲಸ ಅಲ್ಲಿಗೆ ಮುಟ್ಟುವ ಮೊದಲು ಸಂಬಂಧಪಟ್ಟ ಅಧಿಕಾರಿಗಳು ದಯವಿಟ್ಟು ಒಮ್ಮೆ ಬಂದು ನೋಡಬೇಕು.

– ಒಬ್ಬ ರೈತ, ಹಿರಿಯೂರು ತಾಲ್ಲೂಕು